ಅರ್ಜಿಗೆ ಸಹಿ ಯಾಕೆ ಹಾಕಲಿಲ್ಲ: ಕುದುರೆಮುಖದ ದಾರಿ ನಡೆದು ನೋಡಿ ಬರೆದಿದ್ದು

ಹೋದ ಸಲ ಮೆಣಸಿನ ಬಳ್ಳಿ ಸೊರಗೋ ವಿಷಯ ಬರೆದು, ಮುಂದಿನ ಭಾಗ ಈ ವಾರ ಹಾಕ್ತೀನಿ ಅಂದಿದ್ದೆ. ಅದು ಇನ್ನೊಂದು ವಾರ ತಡೀಲಿ. ಇವತ್ತು ಬೇರೆ ವಿಷಯ, ಸ್ವಲ್ಪ ಖಾರವಾಗೇ ಬರೀತೀನಿ. ಬೇಜಾರಾಗೋರು ಪೂರ್ತಿ ಓದಿ ಆಮೇಲೆ ಬೇಜಾರಾಗಿ.

ಮೊನ್ನೆ ನಮ್ಮೂರಿನ ನಾಲ್ಕೈದು ಜನ ಒಂದು ಅರ್ಜಿ ಹಿಡ್ಕೊಂಡು ಮನೆಗೆ ಬಂದಿದ್ರು. ಕುದುರೆಮುಖ ಶಿಖರದ ಚಾರಣಕ್ಕೆ ದಿನಕ್ಕೆ 300 ಜನ ಅನ್ನೋ ಮಿತಿ ಇದೆಯಲ್ಲ, ಅದನ್ನ ಏರಿಸ್ಬೇಕು, ಮಳೆಗಾಲದ ಶನಿವಾರ ಭಾನುವಾರ ಮಿತಿನೇ ಬೇಡ ಅಂತ ಅರ್ಜಿ. ಬಂದೋರೆಲ್ಲ ನಮ್ಮವರೇ. ಒಬ್ರದ್ದು ಹೋಂಸ್ಟೇ, ಇಬ್ರದ್ದು ಜೀಪು, ಉಳಿದೋರು ನನ್ನ ಹಾಗೆ ಎರಡು ಮೂರು ಎಕರೆ ತೋಟದೋರು. ಕಾಫಿ ಕೊಟ್ಟೆ, ಸಹಿ ಹಾಕಲಿಲ್ಲ. "ನಿಮ್ಮ ತಮ್ಮನ ಮಗನೇ ಗೈಡು, ಅವನ ಅನ್ನಕ್ಕೇ ಮಣ್ಣು ಹಾಕ್ತೀರಲ್ಲ ಮಾರಾಯ್ರೆ" ಅಂದ್ರು. ಆ ಮಾತು ಚುಚ್ಚಿತು. ಸುಮ್ಮನೆ ಕೂತು ಬೇಡ ಅನ್ನೋದು ಸರಿ ಅಲ್ಲ ಅನ್ನಿಸಿ, ಔಷಧಿ ಹೊಡೆಯೋ ಕೆಲಸ ಮುಗಿದ ಮೇಲೆ ಟಿಕೆಟ್ ತಗೊಂಡು, ಅದೇ ಹುಡುಗನ ಜೊತೆ ಮುಳ್ಳೋಡಿಯಿಂದ ಶಿಖರದ ತನಕ ನಡೆದು ಬಂದೆ. ಹೋಗಿ ಬರೋಕೆ ಸುಮಾರು 20 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಟೋನು ವಾಪಸ್ ಮುಳ್ಳೋಡಿಗೆ ಬಂದಾಗ ಸಂಜೆ ಆಗಿತ್ತು. ಎರಡು ದಿನ ಮೊಣಕಾಲು ಮಡಚೋಕೆ ಆಗಲಿಲ್ಲ.

ನಾನು ಮೊದಲ ಸಲ ಆ ಗುಡ್ಡ ಹತ್ತಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ವರ್ಷ. ಆಗ ದಾರಿ ಅಂದ್ರೆ ಒಬ್ಬರ ಹಿಂದೆ ಒಬ್ಬರು ಹೋಗೋ ಕಾಲುದಾರಿ. ಎರಡೂ ಕಡೆ ಹುಲ್ಲು ಸೊಂಟದ ತನಕ. ಈಗ ನೋಡಿದ್ದನ್ನ ಇದ್ದ ಹಾಗೆ ಹೇಳ್ತೀನಿ.

ಶುರುವಿನ ಕಾಡಿನೊಳಗೆ ಮರದ ಬೇರೆಲ್ಲ ಮೇಲೆ ಎದ್ದು ನಿಂತಿದೆ, ಬಡಕಲು ದನದ ಪಕ್ಕೆಲುಬು ಕಂಡ ಹಾಗೆ. ಬೇರಿನ ಮೇಲೆ ಕಾಲಿಟ್ರೆ ಜಾರುತ್ತೆ, ಪಕ್ಕ ಇಟ್ರೆ ಕೆಸರಲ್ಲಿ ಹೂಳುತ್ತೆ. ಕೆಸರು ತಪ್ಪಿಸೋಕೆ ಜನ ಪಕ್ಕಕ್ಕೆ ಹೋಗ್ತಾರೆ, ಅಲ್ಲೂ ಕೆಸರಾಗುತ್ತೆ, ಮತ್ತೂ ಪಕ್ಕಕ್ಕೆ ಹೋಗ್ತಾರೆ. ಹೀಗಾಗಿ ಎರಡಡಿ ದಾರಿ ಕೆಲವು ಕಡೆ ಹನ್ನೆರಡು ಅಡಿ ಆಗಿದೆ. ಕೋಲಲ್ಲಿ ಅಳೆದೇ ಹೇಳ್ತಿದೀನಿ. ಹಳ್ಳ ದಾಟೋ ಕಡೆ ಎರಡೂ ದಂಡೆ ಕುಸಿದು, ಗದ್ದೆಗೆ ಎಮ್ಮೆ ಇಳಿಯೋ ಜಾಗದ ಹಾಗಾಗಿದೆ.

ಒಂಟಿಮರ ದಾಟಿ ಹುಲ್ಲುಗುಡ್ಡಕ್ಕೆ ಬಂದ್ರೆ ಇನ್ನೂ ಕಷ್ಟ. ಅಲ್ಲಿ ಒಂದು ದಾರಿ ಇಲ್ಲ, ಪಕ್ಕಪಕ್ಕದಲ್ಲಿ ಮೂರು ನಾಲ್ಕು ಇದೆ. ಮೊದಲಿನದು ಮೊಣಕಾಲುದ್ದ ಕೊರೆದು ಚರಂಡಿ ಆಗಿದೆ, ಅದನ್ನ ಬಿಟ್ಟು ಎರಡನೇದು ಮಾಡಿದ್ದಾರೆ, ಅದೂ ಕೊರೆದ ಮೇಲೆ ಮೂರನೇದು. ದಾರಿ ಸುತ್ತಿ ಹೋಗೋ ಕಡೆಯೆಲ್ಲ ಇಳಿಯೋರು ನೆಟ್ಟಗೆ ಅಡ್ಡದಾರಿ ಬಿದ್ದಿದ್ದಾರೆ. ನಾನು ನಿಂತಿದ್ದಾಗ ಒಂದು ಮಳೆ ಬಂತು, ಅರ್ಧ ಗಂಟೆಯ ಮಳೆ. ಹತ್ತು ನಿಮಿಷದಲ್ಲಿ ಆ ಚರಂಡಿ ತುಂಬಾ ಕೆಂಪು ನೀರು. ನಾವು ನಡೀತಾ ಇದ್ದದ್ದು ದಾರಿ ಮೇಲೋ ತೋಡಿನೊಳಗೋ ಗೊತ್ತಾಗಲಿಲ್ಲ.

ಈಗ ಒಂದು ಮಾತು ಕೇಳ್ತೀನಿ. ನಿಮ್ಮ ತೋಟದಲ್ಲಿ ಬಸಿಗಾಲುವೆ ಕಟ್ಟಿಕೊಂಡು ನೀರೆಲ್ಲ ನಡುವೆ ಹರಿದು ಮಣ್ಣು ಕೊಚ್ಚಿಕೊಂಡು ಹೋಗ್ತಿದ್ರೆ ನೀವು ಏನ್ ಮಾಡ್ತೀರಿ? ಗುದ್ದಲಿ ತಗೊಂಡು ಹೋಗಿ ನೀರಿಗೆ ದಾರಿ ಬಿಡಿಸ್ತೀರೋ, ಅದೇ ದಿನ ಇನ್ನೂ ಇಪ್ಪತ್ತು ಆಳು ಕರೆದು ಆ ಮಣ್ಣಲ್ಲಿ ಓಡಾಡಿಸ್ತೀರೋ? ನಮ್ಮ ಅರ್ಜಿ ಕೇಳ್ತಿರೋದು ಎರಡನೇದನ್ನ.

ಮಣ್ಣಿನ ಲೆಕ್ಕ ನಮಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಒದ್ದೆ ಮಣ್ಣನ್ನ ತುಳಿದ್ರೆ ಅದು ಗಟ್ಟಿಯಾಗುತ್ತೆ, ನೀರು ಒಳಗೆ ಇಳಿಯಲ್ಲ. ಇಳಿಯದ ನೀರು ಮೇಲೆ ಓಡುತ್ತೆ. ಇಳಿಜಾರಲ್ಲಿ ಓಡಿದಷ್ಟೂ ವೇಗ ಜಾಸ್ತಿ, ವೇಗ ಜಾಸ್ತಿ ಆದಷ್ಟೂ ಕೊರೆತ ಜಾಸ್ತಿ. ಹುಲ್ಲಿನ ಬೇರು ಇರೋ ತನಕ ಮಣ್ಣು ನಿಲ್ಲುತ್ತೆ, ಬೇರು ಹೋದ ಮೇಲೆ ತಡೆಯೋರಿಲ್ಲ. 300 ಜನ ಅಂದ್ರೆ ಹೋಗೋದು ಒಂದು ಸಲ, ಬರೋದು ಒಂದು ಸಲ, ದಿನಕ್ಕೆ 600 ಸಲ ತುಳಿತ. ತಿಂಗಳಲ್ಲಿ ಎಂಟು ದಿನ ಪೂರ್ತಿ ತುಂಬಿದ್ರೆ 4800 ಸಲ. ಅದೂ ಎಂಥ ಮಣ್ಣಲ್ಲಿ, ಎಂಥ ಮಳೆಯಲ್ಲಿ! ಬೇಸಿಗೆಯಲ್ಲಿ ಕಾಡಿನ ಬೆಂಕಿ ಭಯಕ್ಕೆ ಚಾರಣ ನಿಲ್ಲಿಸ್ತಾರೆ, ಅದು ಸರಿಯೇ. ಆದ್ರೆ ನೆಲ ಗಟ್ಟಿ ಇರೋ ದಿನ ಬಾಗಿಲು ಹಾಕಿ, ನೆಲ ಗಂಜಿ ಆಗಿರೋ ಜುಲೈನಲ್ಲಿ ತೆಗೀತೀವಲ್ಲ, ಈ ವಿಚಿತ್ರ ಯಾರಿಗೂ ಕಾಣ್ತಿಲ್ವಾ? ಬೆಂಕಿಗೆ ಹೆದರೋರು ನೀರಿಗೂ ಹೆದರ್ಬೇಕು.

ಇದಕ್ಕೆ ಬರೋ ಮಾತುಗಳು ನನಗೆ ಗೊತ್ತಿದೆ, ಒಂದೊಂದಾಗಿ ಹೇಳ್ತೀನಿ.

"ಕಾಟಿ, ಕಡವೆ ನಡೆಯಲ್ವಾ, ಅವುಗಳ ಕಾಲಿಗೆ ಗುಡ್ಡ ಕರಗುತ್ತಾ?" ಕಾಟಿ ದಾರಿ ನೋಡಿದೋರಿಗೆ ಗೊತ್ತು, ಅದು ಗುಡ್ಡಕ್ಕೆ ಅಡ್ಡಡ್ಡವಾಗಿ, ಸುಲಭದ ಏರು ನೋಡಿ ಹೋಗುತ್ತೆ. ನಮ್ಮ ಹಿರಿಯರು ತಲೆಹೊರೆ ಹೊತ್ತು ನಡೆದ ದಾರಿನೂ ಹಾಗೇ. ಫೋಟೋಕ್ಕೆ ಅವಸರ ಮಾಡಿ ನೆಟ್ಟಗೆ ಇಳಿಯೋನು ಮನುಷ್ಯ ಮಾತ್ರ.

"ಗಣಿಗೆ ಹೋಲಿಸಿದ್ರೆ ಇದು ಯಾವ ಲೆಕ್ಕ?" ಒಪ್ತೀನಿ, ಲೆಕ್ಕಕ್ಕೇ ಬರಲ್ಲ. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರೋ ಹೂಳಿನ ಮುಂದೆ ಈ ಕಾಲುದಾರಿಯ ಮಣ್ಣು ಒಂದು ಬೊಗಸೆ. ಆದ್ರೆ ಆ ಗಣಿ ನಿಲ್ಲಿಸೋಕೆ ಎಷ್ಟು ವರ್ಷ ಜನ ಹೋರಾಡಿದ್ರು ನೆನಪು ಮಾಡಿಕೊಳ್ಳಿ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಹೂಳು ಭದ್ರೆಗೆ ಬರುತ್ತೆ ಅನ್ನೋದೇ ಆಗಿನ ದೊಡ್ಡ ವಾದ. ಆ ವಾದಕ್ಕೆ ತಲೆದೂಗಿದ ನಾವು ಈಗ ನಮ್ಮ ಕಡೆಯಿಂದ ಇಳಿಯೋ ಕೆಂಪು ನೀರು ಚಿಕ್ಕದು ಅಂತ ಕಣ್ಣು ಮುಚ್ಚಿಕೊಳ್ಳೋದು ಹೇಗೆ? ಆ ನೀರು ಮೊದಲು ಬರೋದು ಭದ್ರೆಗಲ್ಲ. ನಮ್ಮ ಹಳ್ಳಕ್ಕೆ, ನಮ್ಮ ತೋಟಕ್ಕೆ ಪೈಪು ಹಾಕಿರೋ ಗುಂಡಿಗೆ. ಗುಂಡಿಯಲ್ಲಿ ಮಣ್ಣು ತುಂಬಿ ಪೈಪು ಕಟ್ಟಿಕೊಂಡ್ರೆ ಮಳೆಯಲ್ಲಿ ಗುಡ್ಡ ಹತ್ತಿ ಬಿಡಿಸೋರು ಯಾರು, ಟ್ರೆಕ್ಕಿಂಗ್ ಬಂದೋರಾ?

"ಬೆಂಗಳೂರಿನವರು ಬಂದು ಹಾಳು ಮಾಡಿದ್ರು." ಇದನ್ನ ಕೇಳಿ ಕೇಳಿ ಸಾಕಾಯ್ತು. ಪ್ಲಾಸ್ಟಿಕ್ ಎಸೆಯೋನು ತಪ್ಪೇ ಮಾಡ್ತಾನೆ. ಆದ್ರೆ ಕೆಸರು ತಪ್ಪಿಸಿ ಪಕ್ಕದಲ್ಲಿ ಕಾಲಿಡೋ ಹುಡುಗಿ ಏನು ತಪ್ಪು ಮಾಡಿದ್ಲು? ಕಾಲಿಡೋಕೆ ಕಲ್ಲು ಹಾಕಿದ್ರೆ ಕಲ್ಲಿನ ಮೇಲೇ ಇಡ್ತಿದ್ಲು. ಜೀಪು ನಮ್ಮದು, ಊಟ ನಮ್ಮದು, ಗೈಡು ನಮ್ಮ ಹುಡುಗ. ಕರೆದು ಕಳಿಸೋರು ನಾವು, ಬೈಯೋದು ಅವರಿಗೆ.

"ಹೊಟ್ಟೆಪಾಡು." ಇದೊಂದು ಮಾತಿಗೆ ನಾನು ತಲೆ ತಗ್ಗಿಸ್ತೀನಿ. ಕೊಳೆರೋಗದ ವರ್ಷ ಅಡಿಕೆ ಕೈ ಕೊಟ್ಟಾಗ ನನ್ನ ತಮ್ಮನ ಮನೆ ನಡೆದಿದ್ದು ಹುಡುಗನ ಗೈಡ್ ದುಡ್ಡಲ್ಲೇ. ಮಳೆಗಾಲದ ಕೆಲವು ವಾರ ನಿಂತ್ರೆ ಅವನಿಗೆ ಎಷ್ಟು ಪೆಟ್ಟು ಅಂತ ದಾರಿಯಲ್ಲೇ ಲೆಕ್ಕ ಹೇಳಿದ. ನಾನು ಎದುರು ಮಾತಾಡಲಿಲ್ಲ. ಆದ್ರೆ ಹೋದ ಮಳೆಗಾಲದ ಒಂದು ದಿನ ಅವನಿಗೆ ನೆನಪು ಮಾಡಿದೆ. ಮೇಲಿನ ಜಾರಿನಲ್ಲಿ ಒಬ್ಬ ಹುಡುಗನ ಕಾಲು ಮುರಿದು, ಇವನೂ ಇನ್ನು ಐದು ಜನರೂ ಕಂಬಳಿ ಜೋಲಿ ಕಟ್ಟಿ ಹೊತ್ತು ತಂದ್ರು. ಹೊರೋರೇ ಎರಡು ಸಲ ಬಿದ್ರು. ಕತ್ತಲಾದ ಮೇಲೆ ಕೆಳಗೆ ಮುಟ್ಟಿದ್ದು. ಆ ಹುಡುಗನಿಗೆ ಪೆಟ್ಟಾದದ್ದು ಕಾಲಿಗೆ ಮಾತ್ರ, ಪುಣ್ಯ. ಮುಂದಿನ ಸಲ ಹಾಗಾಗದೇ ಹೋದ್ರೆ ಮೊದಲು ಮುಚ್ಚೋದು ಈ ದಾರಿನೇ.

ಮುಚ್ಚಲ್ಲ ಅಂದ್ಕೊಂಡಿದ್ದೀರಾ? 2024ರ ಜನವರಿ ಕೊನೆ ನೆನಪಿರಲಿ. ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ್ರು, ಸಾಲಿನ ವಿಡಿಯೋ ಎಲ್ಲರ ಮೊಬೈಲಲ್ಲೂ ಬಂತು. ಅದರ ಬೆನ್ನಿಗೇ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸೋಕೆ ಸರ್ಕಾರ ಆದೇಶ ಮಾಡ್ತು. ಒಂದು ಗುಡ್ಡದ ನೂಕುನುಗ್ಗಲಿಗೆ ಉಳಿದ ಗುಡ್ಡದೋರೂ ಕೆಲಸ ಬಿಟ್ಟು ಕೂತ್ರು. ನಮ್ಮ 300ರ ಮಿತಿ ಬಂದಿದ್ದೂ ಅದೇ ವರ್ಷ. ಆ ಮಿತಿ ನಮ್ಮ ಶತ್ರು ಅಲ್ಲ, ದಾರಿ ತೆರೆದಿರೋದೇ ಅದರಿಂದ.

ಹಾಗಾದ್ರೆ ಏನ್ ಮಾಡ್ಬೇಕು? ಸಿಮೆಂಟ್ ಮೆಟ್ಟಿಲು ಕಟ್ಟಿಸಿ ಅಂತ ಒಬ್ರು ಹೇಳಿದ್ರು. ದಯವಿಟ್ಟು ಬೇಡ. ನೀರಿಗೆ ದಾರಿ ಬಿಡದೆ ಮೆಟ್ಟಿಲು ಕಟ್ಟಿದ್ರೆ ಅದರ ಪಕ್ಕ ನೀರು ಕೊರೆದು ಹೊಸ ತೋಡು ಆಗುತ್ತೆ, ಕೆಲವು ಮಳೆಗಾಲದಲ್ಲಿ ಮೆಟ್ಟಿಲು ಅಂತರದಲ್ಲಿ ನಿಲ್ಲುತ್ತೆ. ಬೇಕಾಗಿರೋದು ನಮಗೆ ಗೊತ್ತಿರೋ ಕೆಲಸವೇ. ಏರಿನಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆಗೊಂದು ಕಡೆ ದಾರಿಗೆ ಓರೆಯಾಗಿ ಕಲ್ಲು ಕೂರಿಸಿ ನೀರನ್ನ ಹುಲ್ಲಿನ ಕಡೆಗೆ ತಿರುಗಿಸೋದು. ಕೆಸರಿನ ಜಾಗದಲ್ಲಿ ನಡುವೆ ಹಾಸುಗಲ್ಲು. ಅಡ್ಡದಾರಿಗೆ ಒಣ ಕೊಂಬೆ ಅಡ್ಡ ಹಾಕಿ ಹುಲ್ಲು ಬರೋ ತನಕ ಬಿಡೋದು. ಇದು ರಾಷ್ಟ್ರೀಯ ಉದ್ಯಾನ, ನಾವಾಗಿ ಹೋಗಿ ಒಂದು ಗುದ್ದಲಿ ಹಾಕೋ ಹಾಗಿಲ್ಲ, ಹಾಕಲೂಬಾರದು. ಅದಕ್ಕೇ ಅರ್ಜಿ ಬರೆಯೋದಾದ್ರೆ ಹೀಗೆ ಬರೆಯೋಣ:

ಟಿಕೆಟ್ ದುಡ್ಡಿನ ಒಂದು ಪಾಲು ಈ ದಾರಿಗೇ ಖರ್ಚಾಗ್ಲಿ, ಎಷ್ಟು ಅಂತ ಮುಳ್ಳೋಡಿಯಲ್ಲಿ ಬೋರ್ಡ್ ಹಾಕ್ಲಿ. ಚಾರಣ ಮುಚ್ಚಿರೋ ಬೇಸಿಗೆಯಲ್ಲಿ ಕೆಲಸ ಇಲ್ಲದೆ ಕೂರೋ ಗೈಡ್ ಹುಡುಗರಿಗೆ ಆ ದಾರಿ ಕೆಲಸ ಕೊಡ್ಲಿ, ಮಳೆ ಮುಗಿದ ಮೇಲೆ ಇನ್ನೊಂದು ಸುತ್ತು. ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಇರೋ ದಿನ ಬುಕಿಂಗ್ ರದ್ದಾಗ್ಲಿ, ದುಡ್ಡು ವಾಪಸ್ ಹೋಗ್ಲಿ. ಜೋರು ಮಳೆಯ ನಾಲ್ಕೈದು ವಾರ ದಾರಿಗೆ ರಜೆ ಕೊಡ್ಲಿ. 300 ಅನ್ನೋದು 300 ಆಗೇ ಇರಲಿ.

ಬೇಸಿಗೆಯ ಕೂಲಿ ಮಳೆಗಾಲದ ನಷ್ಟಕ್ಕೆ ಪೂರ್ತಿ ಸರಿದೂಗಲ್ಲ, ಸುಳ್ಳು ಹೇಳಲ್ಲ. ಹುಡುಗ ಅದನ್ನೇ ಹೇಳಿದ. ಆದ್ರೆ ಇಳಿಯುವಾಗ ಒಂಟಿಮರದ ಹತ್ತಿರ ಕೂತು ಅವನೇ ಒಂದು ಮಾತು ಅಂದ: "ದೊಡ್ಡಪ್ಪ, ನಾನು ಗೈಡ್ ಆದಾಗ ಇಲ್ಲಿ ಒಂದೇ ದಾರಿ ಇತ್ತು." ಅವನು ಗೈಡ್ ಆಗಿ ಇನ್ನೂ ಆರು ವರ್ಷ ಆಗಿಲ್ಲ.

ಈ ಹೊಸ ಅರ್ಜಿ ಒಂದು ಹಾಳೆಯಲ್ಲಿ ಬರೆದು ಇಟ್ಟಿದ್ದೀನಿ. ಅಕ್ಷರ ತಪ್ಪಿದ್ರೆ ತಿದ್ದಿ ಕೊಡಿ. ಮೊನ್ನೆ ಬಂದಿದ್ದ ನಾಲ್ಕೈದು ಜನಕ್ಕೆ ಹೇಳ್ತೀನಿ, ಇನ್ನೊಂದು ಸಲ ಬನ್ನಿ, ಕಾಫಿಗೇನೂ ಕೊರತೆ ಇಲ್ಲ. ಒಪ್ಪದೇ ಇದ್ದೋರು ಒಂದು ಕೆಲಸ ಮಾಡಿ: ನನಗೆ ಬೈಯೋ ಮುಂಚೆ ಒಂದು ದಿನ ಮಳೆಯಲ್ಲಿ ಆ ದಾರಿ ನಡೆದು ಬನ್ನಿ. ಉಂಬಳಕ್ಕೆ ಸುಣ್ಣ ತಗೊಂಡು ಹೋಗಿ.

ಮೆಣಸಿನ ವಿಷಯ ಮುಂದಿನ ವಾರ.