ಅದು ಗಾರ್ಡ್ ಅಲ್ಲ ಸ್ವಾಮಿ, ಕೊಡೆ

ಹೋದ ವಾರ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹುಡುಗ ನನ್ನ ಬೈಕಿನ ಹತ್ತಿರ ಬಂದು ನಿಂತ. ಅವನದೂ ನನ್ನಂಥದ್ದೇ 200 ಸಿಸಿ ಗಾಡಿ, ಡಾಂಬರಿಗೂ ಆಗುವ, ಮಣ್ಣಿಗೂ ಆಗುವ ಜಾತಿಯದು. "ಅಣ್ಣಾ, ಈ ಅಲ್ಯೂಮಿನಿಯಂ ಪಟ್ಟಿ ತೆಗ್ದು ಬೇರೆ ಗಾರ್ಡ್ ಹಾಕ್ಸಿ. ನಂದು ನೋಡಿ, ಎಲ್‌ಇಡಿ ಇಂಡಿಕೇಟರ್ ಇದೆ. ನಿಮ್ದು ಲುಕ್ಕೇ ಇಲ್ಲ" ಅಂದ. ಅವನ ಗಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆತ್ತಿದೆ. ಸಲೀಸಾಗಿ ಎದ್ದು ಬಂತು. ಎಷ್ಟು ಕೊಟ್ಟೆ ಅಂತ ಕೇಳಿದೆ. ಅವನು ಹೇಳಿದ ದುಡ್ಡಿಗೆ ಎರಡು ಕ್ಲಚ್ ಲಿವರ್, ಒಂದು ಬ್ರೇಕ್ ಲಿವರ್ ಬಂದು ಮೇಲೆ ಟೀಗೂ ಉಳಿಯುತ್ತಿತ್ತು.

ಹುಡುಗನನ್ನು ಬೈಯಲಿಲ್ಲ. ಮೂರು ವರ್ಷದ ಹಿಂದೆ ನಾನೂ ಅದನ್ನೇ ಕೊಂಡವನು. ಆದರೆ ಅದನ್ನು 'ಹ್ಯಾಂಡ್ ಗಾರ್ಡ್' ಅಂತ ಹೆಸರಿಟ್ಟು ಮಾರುವವರ ಮೇಲೆ ನನಗೆ ಸಿಟ್ಟಿದೆ. ಇವತ್ತು ಬರೆಯುತ್ತಿರುವುದು ಆ ಸಿಟ್ಟಿಗೇ.

ಜುಲೈ ತಿಂಗಳ ಒಂದು ಸಂಜೆ. ಮಳೆ ಸ್ವಲ್ಪ ಬಿಟ್ಟಿತ್ತು ಅಂತ ಕೆಳಗಿನ ತೋಟದ ಕಪ್ಪು ನೋಡಿಕೊಂಡು ಬರೋಣ ಅಂತ ಹೋದೆ. ವಾಪಸ್ ಬರುವಾಗ ಏರಿನ ಬುಡದಲ್ಲಿ ಹಿಂದಿನ ಚಕ್ರ ಜಾರಿತು. ವೇಗ ಎಷ್ಟು? ನಡೆಯುವಷ್ಟು. ಗಾಡಿ ಎಡಕ್ಕೆ ಮೆಲ್ಲಗೆ ಮಲಗಿತು. ನನಗೇನೂ ಆಗಲಿಲ್ಲ. ಎತ್ತಿ ನೋಡಿದರೆ ಕ್ಲಚ್ ಲಿವರ್ ಬುಡದಲ್ಲೇ ಕಟ್. ಹ್ಯಾಂಡಲಿನ ಎಡಭಾಗ ಒಳಕ್ಕೆ ಬಾಗಿತ್ತು. ಗಾರ್ಡ್ ಮಾತ್ರ ಒಂದು ಗೀರೂ ಇಲ್ಲದೆ ಹೊಸದರಂತೆ ಹೊಳೆಯುತ್ತಿತ್ತು! ಬಿದ್ದ ಕೂಡಲೇ ಕ್ಲ್ಯಾಂಪಿನ ಸುತ್ತ ತಿರುಗಿ ಮೇಲೆ ಹೋಗಿ ಕೂತಿತ್ತು. ಏಟನ್ನೆಲ್ಲ ಲಿವರಿಗೆ ಬಿಟ್ಟುಕೊಟ್ಟು ತಾನು ಮಾನ ಉಳಿಸಿಕೊಂಡಿತ್ತು.

ಕ್ಲಚ್ ಇಲ್ಲದೆಯೂ ಗಾಡಿ ತರಬಹುದು. ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಉರುಳಿಸಿಕೊಂಡು ಗೇರ್ ಒತ್ತಿದರೆ ಹೋಗುತ್ತದೆ. ಆದರೆ ನನ್ನ ಎದುರಿಗಿದ್ದದ್ದು ಏರು, ಅದೂ ಕೆಸರು. ಸಕಲೇಶಪುರ, ಆಲೂರು ಕಡೆಯವರಿಗೆ ಮುಂದಿನದು ಹೇಳಬೇಕಾಗಿಲ್ಲ. ಮಧ್ಯಾಹ್ನವೇ ಗ್ರೂಪಿಗೆ ಸುದ್ದಿ ಬಂದಿತ್ತು, ಆನೆ ಪಕ್ಕದ ತೋಟದಲ್ಲಿವೆ ಅಂತ. ಗಾಡಿಯನ್ನು ಅಲ್ಲೇ ಬಿಟ್ಟು ಮೂರು ಕಿಲೋಮೀಟರ್ ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ನಡೆದೆ. ಕೆಮ್ಮಲಿಕ್ಕೂ ಹೆದರಿಕೆ. ಬೆಳಿಗ್ಗೆ ಆಳಿನ ಜೊತೆ ಹೋಗಿ ನೋಡಿದರೆ ಬೈಕಿನಿಂದ ಹತ್ತು ಮಾರು ದೂರದಲ್ಲಿ ಲದ್ದಿ ಬಿದ್ದಿತ್ತು. ಒಂದು ಲಿವರ್ ಮುರಿದದ್ದಕ್ಕೆ ಇಷ್ಟು. ಪೇಟೆಯಲ್ಲಿ ಲಿವರ್ ಮುರಿದರೆ ಆಟೋ ಸಿಗುತ್ತದೆ. ನಮ್ಮಲ್ಲಿ ಏನು ಸಿಗುತ್ತದೆ ಅಂತ ನಿಮಗೇ ಗೊತ್ತು.

ಈಗ ವಿಷಯಕ್ಕೆ ಬರುತ್ತೇನೆ. ಗಾರ್ಡಿನಲ್ಲಿ ಎರಡು ಜಾತಿ. ಒಂದು, ಒಂದೇ ಕಡೆ ಕ್ಲ್ಯಾಂಪ್ ಆಗಿ ಮುಂದೆ ರೆಕ್ಕೆಯ ಹಾಗೆ ಚಾಚಿಕೊಂಡಿರುವ ಪ್ಲಾಸ್ಟಿಕ್. ಇನ್ನೊಂದು, ಒಳಗೆ ಅಲ್ಯೂಮಿನಿಯಂ ಪಟ್ಟಿ ಇದ್ದು, ಒಂದು ತುದಿ ಹ್ಯಾಂಡಲಿನ ಒಳಭಾಗಕ್ಕೆ, ಇನ್ನೊಂದು ತುದಿ ಹಿಡಿಯ ಕೊನೆಗೆ, ಹೀಗೆ ಎರಡು ಕಡೆ ಬಿಗಿಯಾಗುವುದು. ಮೊದಲನೆಯದು ಗಾಳಿ, ಮಳೆ, ಕೆಸರು ತಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಬೆರಳು ಸೆಟೆದುಕೊಳ್ಳುವ ಚಳಿಗೆ ಅದೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅದು ಕೊಡೆ. ಕೊಡೆಯನ್ನು ಕೊಡೆ ಅಂತ ಹೇಳಿ ಮಾರಿ. ಬಿದ್ದಾಗ ಲಿವರ್ ಉಳಿಸುವುದು, ಗೂಟಕ್ಕೋ ಬಂಡೆಗೋ ತಾಗಿದಾಗ ಬೆರಳಿನ ಗೆಣ್ಣು ಉಳಿಸುವುದು ಎರಡನೆಯದೇ.

ಲಂಟಾನ ಪೊದೆ ನುಗ್ಗಿಕೊಂಡು ಹೋಗುವವರಿಗೆ ಇನ್ನೊಂದು ಅಪಾಯ ಗೊತ್ತಿರುತ್ತದೆ. ಒಂದು ರೆಂಬೆ ಬಂದು ಬಲಗಡೆಯ ಬ್ರೇಕ್ ಲಿವರಿಗೆ ಸಿಕ್ಕಿಕೊಂಡರೆ ಮುಂದಿನ ಬ್ರೇಕ್ ತಾನೇ ಹಿಡಿಯುತ್ತದೆ. ನಾವು ಹ್ಯಾಂಡಲ್ ಮೇಲಿಂದ ಆಚೆಗೆ. ತುದಿ ತೆರೆದಿರುವ ಗಾರ್ಡಿನಲ್ಲಿ ರೆಂಬೆ ಒಳಗೆ ನುಗ್ಗಲು ಬಾಗಿಲೇ ಇದೆ. ಸುತ್ತುವರಿದ ಪಟ್ಟಿ ಇದ್ದರೆ ರೆಂಬೆ ಜಾರಿ ಹೋಗುತ್ತದೆ.

ಇನ್ನು ಹ್ಯಾಂಡಲ್ ವಿಷಯ. ನಮ್ಮೂರ ಕಡೆಯ ಗ್ಯಾರೇಜುಗಳ ಜೊತೆ ನನ್ನ ದೊಡ್ಡ ಜಗಳ ಇದೇ. ಬಾಗಿದ ಹ್ಯಾಂಡಲ್ ತೋರಿಸಿದೆ. "ಸಾರ್, ಪೈಪ್ ಹಾಕಿ ಎಳೆದ್ರೆ ನೆಟ್ಟಗಾಗತ್ತೆ, ಹೊಸದ್ಯಾಕೆ?" ಅಂದರು. ಯಾಕೆ ಅಂದರೆ, ಬೈಂಡಿಂಗ್ ವೈರನ್ನು ಆಚೆ ಈಚೆ ನಾಲ್ಕು ಸಲ ಬಾಗಿಸಿ ಮುರಿಯುತ್ತೇವಲ್ಲ, ಅದಕ್ಕೆ. ಕಬ್ಬಿಣ ಒಂದು ಸಲ ಬಾಗಿದ ಜಾಗ ಗಡುಸಾಗುತ್ತದೆ, ವಾಪಸ್ ಎಳೆದರೆ ಇನ್ನಷ್ಟು ಗಡುಸಾಗಿ ಬಿರುಕಿಗೆ ದಾರಿಯಾಗುತ್ತದೆ. ಮೇಲೆ ಬಣ್ಣ ಹೊಡೆದರೆ ಬಿರುಕು ಕಾಣುವುದೂ ಇಲ್ಲ. ಅಲ್ಯೂಮಿನಿಯಂ ಹ್ಯಾಂಡಲನ್ನಂತೂ ನೆಟ್ಟಗೆ ಮಾಡುವ ಮಾತೇ ಎತ್ತಬಾರದು, ಅದು ಮುನ್ಸೂಚನೆ ಕೊಡದೆ ಮುರಿಯುವ ಜಾತಿ.

ನಮ್ಮ ಪಕ್ಕದೂರಿನ ಒಬ್ಬ ಹುಡುಗ ಹೀಗೆ ಎಳೆಸಿ, ಸಂಶಯ ಬಂದು ಮೇಲೆ ವೆಲ್ಡಿಂಗೂ ಮಾಡಿಸಿದ್ದ. ಐದು ತಿಂಗಳು ಓಡಿತು. ಆರನೇ ತಿಂಗಳು ಡೇರಿಗೆ ಹಾಲು ಹಾಕಿ ಬರುವಾಗ ಒಂದು ಗುಂಡಿಗೆ ಇಳಿದದ್ದಷ್ಟೇ, ವೆಲ್ಡಿಂಗ್ ಪಕ್ಕದಲ್ಲೇ ಹ್ಯಾಂಡಲ್ ಕಿತ್ತು ಅವನ ಎಡಗೈಗೆ ಬಂತು. ಕೈಯಲ್ಲಿ ಹ್ಯಾಂಡಲ್, ಗಾಡಿ ಚರಂಡಿಯಲ್ಲಿ. ಮಣಿಕಟ್ಟಿಗೆ ಪ್ಲೇಟ್ ಹಾಕಿದ್ದಾರೆ. ಆ ವರ್ಷ ಅವರ ಮನೆಯ ಮೆಣಸು ಕೊಯ್ಯಲು ಹೊರಗಿನಿಂದ ಜನ ಕರೆದು ಕೂಲಿ ಕೊಟ್ಟರು. ಉಳಿಸಿದ್ದು ಎಷ್ಟು, ಕಳೆದದ್ದು ಎಷ್ಟು ಅಂತ ಅವರಪ್ಪನನ್ನು ಕೇಳಿ.

ಆದರೆ ಬಿದ್ದ ಕೂಡಲೇ ಹೊಸ ಹ್ಯಾಂಡಲ್ ಕೊಳ್ಳಲು ಓಡಲೂಬೇಡಿ. ಎಷ್ಟೋ ಸಲ ಹ್ಯಾಂಡಲ್ ಬಾಗಿಯೇ ಇರುವುದಿಲ್ಲ, ಮುಂದಿನ ಫೋರ್ಕು ತನ್ನ ಕ್ಲ್ಯಾಂಪಿನೊಳಗೆ ತಿರುಚಿಕೊಂಡಿರುತ್ತದೆ. ಹ್ಯಾಂಡಲ್ ನೇರ ಹಿಡಿದರೆ ಚಕ್ರ ಒಂದು ಕಡೆ ನೋಡುತ್ತದೆ. ಫೋರ್ಕ್ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಚಕ್ರವನ್ನು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ ಸರಿಮಾಡಿ, ಮತ್ತೆ ಬಿಗಿದರೆ ಮುಗಿಯಿತು. ಖರ್ಚು ಸೊನ್ನೆ. ಇದನ್ನು ನೋಡದೆ ಹ್ಯಾಂಡಲ್ ಬದಲಾಯಿಸಿದರೆ ಹೊಸದೂ ಸೊಟ್ಟಗೇ ಕಾಣುತ್ತದೆ.

ನಿಜಕ್ಕೂ ಬಾಗಿದ್ದರೆ ಯಾವುದನ್ನು ಕೊಳ್ಳಬೇಕು? ಇಲ್ಲಿ ಇನ್ನೊಂದು ಗುಂಪಿನ ಕಾಟ. ಯೂಟ್ಯೂಬ್ ನೋಡಿದರೆ 'ಫ್ಯಾಟ್ ಬಾರ್' ಹಾಕಿಸದವನು ರೈಡರೇ ಅಲ್ಲ. ಮಾಮೂಲಿ ಹ್ಯಾಂಡಲಿನ ದಪ್ಪ 22.2 ಮಿ.ಮೀ. ಫ್ಯಾಟ್ ಬಾರ್ ಅನ್ನುವುದು ನಡುವೆ, ಕ್ಲ್ಯಾಂಪಿನ ಜಾಗದಲ್ಲಿ, 28.6 ಮಿ.ಮೀ. ಇರುತ್ತದೆ. ಹಿಡಿಯ ಕಡೆ ಅದೂ 22.2ಕ್ಕೇ ಇಳಿಯುತ್ತದೆ. ಗಟ್ಟಿ ಹೌದು, ಹಗುರ ಹೌದು, ಎಗರುವವರಿಗೆ ಬೇಕು ಹೌದು. ಆದರೆ ನಮ್ಮ ಗಾಡಿಯ ಕ್ಲ್ಯಾಂಪ್ 22.2ರದ್ದಾಗಿದ್ದರೆ ಕ್ಲ್ಯಾಂಪೂ ಬದಲಾಗಬೇಕು, ಹ್ಯಾಂಡಲೂ ಬದಲಾಗಬೇಕು. ಬಿದ್ದು ಬಾಗಿದರೆ ಮತ್ತೆ ಆರ್ಡರ್ ಹಾಕಿ ಕಾಯಬೇಕು. ನನ್ನ ಮಾತು ಇಷ್ಟು: ತಿಂಗಳಿಗೆ ಒಂದೆರಡು ಸಲ ಮೆಲ್ಲಗೆ ಬೀಳುವ ನಮ್ಮಂಥವರಿಗೆ ಮೂಲ ಅಳತೆಯ, ಒಳ್ಳೆಯ ದಪ್ಪದ ಉಕ್ಕಿನ ಹ್ಯಾಂಡಲ್ ಸಾಕು. ಉಕ್ಕು ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ, ಬಾಗಿಕೊಂಡೇ ಮನೆ ತಲುಪಿಸುತ್ತದೆ. ಆಮೇಲೆ ಅದನ್ನು ಗುಜರಿಗೆ ಹಾಕಿ. ಎಳೆಸಬೇಡಿ.

ಅಗಲದ ಬಗ್ಗೆಯೂ ಒಂದು ಮಾತು. ರೇಸಿನ ಹ್ಯಾಂಡಲುಗಳು ಹೆಚ್ಚುಕಡಿಮೆ 800 ಮಿ.ಮೀ. ಅಗಲ. ಅದರ ಮೇಲೆ ಗಾರ್ಡಿನ ತುದಿಗಳು ಬೇರೆ. ನಿಮ್ಮ ಉಣುಗೋಲಿನ ಗೂಟಗಳ ನಡುವೆ ಎಷ್ಟು ಜಾಗ ಇದೆ, ಮನೆಯ ಸಂದಿಯಲ್ಲಿ ಎಷ್ಟು ಇದೆ, ಟೇಪ್ ಹಿಡಿದು ನೋಡಿ ಆಮೇಲೆ ಕೊಳ್ಳಿ. ಎತ್ತರವೂ ಹಾಗೇ. ನಿಂತು ಓಡಿಸುವಾಗ ಬೆನ್ನು ಬಾಗದಿರಲಿ ಅಂತ ಎತ್ತರದ್ದು ಹಾಕಿಸುತ್ತಾರೆ, ಕ್ಲಚ್ ವೈರು, ಬ್ರೇಕ್ ಹೋಸು ಗಿಡ್ಡ ಬೀಳುತ್ತವೆ. ಮೂಲ ಅಳತೆಗೆ ಹತ್ತಿರ ಇದ್ದಷ್ಟು ಇಂಥ ತಲೆನೋವು ಕಡಿಮೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಗಾಡಿಯ ಮೂಲ ವಿವರ ಮನಸ್ಸಿಗೆ ಬಂದಂತೆ ಬದಲಾಯಿಸಬೇಡಿ ಅನ್ನುತ್ತದೆ.

ಹಾಕಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಟೀ ಕುಡಿಯಲು ಹೋಗಬೇಡಿ. ನೋಡಬೇಕಾದದ್ದು ಇವು.

ಒಂದು, ಗಾರ್ಡಿನ ತುದಿ ಹ್ಯಾಂಡಲಿನ ತೂತಿನೊಳಗೆ ಹೋಗಿ, ಬೋಲ್ಟ್ ಬಿಗಿದಾಗ ಉಬ್ಬಿ ಹಿಡಿಯಬೇಕು. ಉಕ್ಕಿನ ಹ್ಯಾಂಡಲಿಗೆ ತೂತು ದೊಡ್ಡದು, ಅಲ್ಯೂಮಿನಿಯಂಗೆ ಗೋಡೆ ದಪ್ಪ ಇರುವುದರಿಂದ ತೂತು ಸಣ್ಣದು. ಅಳತೆ ತಪ್ಪಿದರೆ ಪೇಪರ್ ಸುತ್ತಿ ತುರುಕುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ.

ಎರಡು, ಬಲಗಡೆ ಆಕ್ಸಿಲರೇಟರ್ ಹಿಡಿಗೂ ಗಾರ್ಡಿಗೂ ನಡುವೆ ಒಂದೆರಡು ಮಿ.ಮೀ. ಸಂದು ಇರಲೇಬೇಕು. ಪೂರ್ತಿ ತಿರುಗಿಸಿ ಕೈ ಬಿಟ್ಟರೆ ಟಪ್ ಅಂತ ತಾನೇ ವಾಪಸ್ ಬರಬೇಕು. ಬರದಿದ್ದರೆ ಗಾಡಿ ಹೊರಗೆ ತೆಗೆಯಬೇಡಿ.

ಮೂರು, ಎಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಸದ್ದು ಏರಿದರೆ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಗಾರ್ಡು ಟ್ಯಾಂಕಿಗೆ ತಾಗುತ್ತದಾ, ಬ್ರೇಕ್ ಹೋಸನ್ನು ಒತ್ತುತ್ತದಾ, ಅದನ್ನೂ ಆಗಲೇ ನೋಡಿ.

ನಾಲ್ಕು, ಸ್ವಿಚ್ಚಿನ ಒಳಗೆ ಒಂದು ಸಣ್ಣ ಮೊಳೆ ಇರುತ್ತದೆ, ಅದಕ್ಕೆ ಹ್ಯಾಂಡಲಿನಲ್ಲಿ ತೂತು ಬೇಕು. ಹೊಸ ಹ್ಯಾಂಡಲಿನಲ್ಲಿ ತೂತು ಇಲ್ಲದಿದ್ದರೆ ಸರಿಯಾದ ಜಾಗ ಗುರುತು ಹಾಕಿ ಒಂದೇ ತೂತು ಹೊಡೆಸಿ. ಅಂದಾಜಿನಲ್ಲಿ ಮೂರು ತೂತು ಹೊಡೆದು ಹ್ಯಾಂಡಲನ್ನು ಜರಡಿ ಮಾಡಿಸಬೇಡಿ.

ಐದು, ಲಿವರಿನ ಕ್ಲ್ಯಾಂಪನ್ನು ಜೀವ ಹೋಗುವಂತೆ ಬಿಗಿಯಬೇಡಿ. ಕೈಯಿಂದ ಜೋರಾಗಿ ತಿರುಗಿಸಿದರೆ ತಿರುಗುವಷ್ಟಿರಲಿ. ಬಿದ್ದಾಗ ಲಿವರ್ ತಿರುಗಿ ತಪ್ಪಿಸಿಕೊಳ್ಳುತ್ತದೆ, ಮುರಿಯುವುದಿಲ್ಲ. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಅಡಿಯಲ್ಲಿ ಎರಡು ಸುತ್ತು ಹಾಕಿದರೆ ಇನ್ನೂ ಒಳ್ಳೆಯದು.

ಈಗ ವಿರೋಧದ ಮಾತು. ಪಟ್ಟಿಯ ಗಾರ್ಡಿನೊಳಗೆ ಕೈ ಸಿಕ್ಕಿಕೊಂಡು ಮಣಿಕಟ್ಟು ಮುರಿಯುತ್ತದೆ ಅನ್ನುವವರಿದ್ದಾರೆ. ಸುಳ್ಳಲ್ಲ. ಜೋರಾಗಿ ಓಡಿಸಿ ಹ್ಯಾಂಡಲ್ ಮೇಲಿಂದ ಹಾರಿದರೆ ಹಾಗಾಗುವ ಸಾಧ್ಯತೆ ಇದೆ. ಪಟ್ಟಿಯನ್ನು ತೀರಾ ಕೆಳಗೆ ತಿರುಗಿಸಿ ಕಟ್ಟಬೇಡಿ, ಹಿಡಿಗೆ ನೇರವಾಗಿ ಇರಲಿ. ಆದರೆ ನಾವು ತೋಟದಲ್ಲಿ ಬೀಳುವುದು ಹಾರಿಕೊಂಡಲ್ಲ, ಜಾರಿಕೊಂಡು. ಆ ಬೀಳುವಿಕೆಗೆ ಪಟ್ಟಿಯೇ ಸರಿ.

"ಅಪ್ಪನ ಕಾಲದಲ್ಲಿ ಗಾರ್ಡ್ ಇತ್ತಾ?" ಅಂತ ಕೇಳುವ ಹಿರಿಯರೂ ಇದ್ದಾರೆ. ಇರಲಿಲ್ಲ. ಅಪ್ಪ ಓಡಿಸಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡು ಇದೇ ಏರು ಹತ್ತಿಸಿದವರು. ಗಾರ್ಡ್ ಇರಲಿಲ್ಲ, ಅವರ ಎಡಗೈ ಕಿರುಬೆರಳು ಮಡಚುತ್ತಲೂ ಇರಲಿಲ್ಲ. ಹಲಸಿನ ಕೊಂಬೆಗೆ ತಾಗಿದ್ದಂತೆ. ಊಟ ಮಾಡುವಾಗ ನೀರಿನ ಲೋಟ ಹಿಡಿದರೆ ಆ ಬೆರಳು ಒಂದೇ ಹೊರಗೆ ನಿಂತಿರುತ್ತಿತ್ತು. ಚಿಕ್ಕವರಿದ್ದಾಗ ನಾವು ಅದನ್ನು ನೋಡಿ ನಗುತ್ತಿದ್ದೆವು.

ಕಂಪನಿಯವರಿಗೂ ಒಂದು ಮಾತು. ಜಾಹೀರಾತಿನಲ್ಲಿ ಈ ಗಾಡಿಗಳು ಹಿಮದ ಬೆಟ್ಟ ಹತ್ತುತ್ತವೆ. ನಿಜದಲ್ಲಿ ದಿನಾ ಮಣ್ಣಿನಲ್ಲಿ ಓಡಿಸುವವರು ಹಾಲಿನ ಕ್ಯಾನು, ಔಷಧಿ ಸ್ಪ್ರೇಯರ್, ಮೋಟಾರಿನ ಫುಟ್‌ವಾಲ್ವ್ ಕಟ್ಟಿಕೊಂಡ ನಾವು. ನಮಗೆ ಬೇಕಾದ ಸಾದಾ ಹ್ಯಾಂಡಲ್ ಕೇಳಿದರೆ ಅಂಗಡಿಯಲ್ಲಿ "ಇಪ್ಪತ್ತು ದಿನ ಆಗತ್ತೆ ಸಾರ್" ಅಂತಾರೆ. ಸ್ಟಿಕ್ಕರ್ ಮಾತ್ರ ಮೂರು ಬಣ್ಣದಲ್ಲಿ ರೆಡಿ ಇರುತ್ತದೆ. ಮಣ್ಣಿನ ಗಾಡಿ ಅಂತ ಹೆಸರಿಟ್ಟು ಮಾರಿದ ಮೇಲೆ ಬಿದ್ದರೆ ಲಿವರ್ ಉಳಿಸುವ ಗಾರ್ಡನ್ನು ಶೋರೂಮಿನಲ್ಲೇ ಹಾಕಿ ಕೊಡಿ. ಬೆಲೆಗೆ ಸೇರಿಸಿ, ಕೊಡುತ್ತೇವೆ.

ಪೆಟ್ರೋಲ್ ಬಂಕಿನ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಮಗಾ, ನಿನ್ನ ಗಾರ್ಡ್ ಹಿಡಿದು ನೀನೇ ಒಂದ್ಸಲ ಮೇಲೆತ್ತಿ ನೋಡು." ನೋಡಿದ. ಏನೂ ಮಾತಾಡಲಿಲ್ಲ. ನೀವೂ ಇವತ್ತು ಸಂಜೆ ಗಾಡಿ ನಿಲ್ಲಿಸಿದ ಮೇಲೆ ಒಂದು ಸಲ ಎತ್ತಿ ನೋಡಿ. ಎದ್ದು ಬಂದರೆ, ಈ ಮಳೆಗಾಲಕ್ಕೆ ಮುಂಚೆ ಬದಲಾಯಿಸಿ. ಅದುವರೆಗೆ ಸೀಟಿನ ಕೆಳಗೆ ಒಂದು ಕ್ಲಚ್ ಲಿವರ್, ಒಂದು 10ನೇ ನಂಬರ್ ಸ್ಪ್ಯಾನರ್ ಇಟ್ಟುಕೊಂಡಿರಿ.