ಷೇರು ಮರುಖರೀದಿ: ಪ್ರಮಾಣವೂ ಬೆಲೆಯೂ

ಕಂಪನಿಯೊಂದು ತನ್ನ ಷೇರುಗಳನ್ನು ವರ್ಷಾನುಗಟ್ಟಲೆ ತಾನೇ ಮರಳಿ ಕೊಳ್ಳುತ್ತ ಬಂದಿದ್ದರೆ ಅದರ ಆಡಳಿತ ಮಂಡಳಿ ಷೇರುದಾರರ ಹಿತ ಬಲ್ಲದ್ದು ಎಂಬ ಅಭಿಪ್ರಾಯಕ್ಕೆ ಷೇರುಪೇಟೆಯ ಚರ್ಚೆಗಳಲ್ಲಿ ಈಗ ಎದುರುಮಾತೇ ಇಲ್ಲವಾಗಿದೆ. ಇದಕ್ಕೆ ಆಧಾರವಾಗಿ ಮುಂದಿಡುವ ಸಂಖ್ಯೆಯೇ ದೀರ್ಘಾವಧಿಯ ಮರುಖರೀದಿ ಅನುಪಾತ. ಅಂದರೆ ಮೂರು, ಐದು ಅಥವಾ ಹತ್ತು ವರ್ಷಗಳಲ್ಲಿ ಕಂಪನಿಯ ಒಟ್ಟು ಷೇರುಗಳು ವರ್ಷಕ್ಕೆ ಸರಾಸರಿ ಶೇಕಡಾ ಎಷ್ಟರಂತೆ ಇಳಿದಿವೆ ಎಂಬ ಲೆಕ್ಕ. ಕೊಂಡದ್ದಕ್ಕಿಂತ ಹೊಸದಾಗಿ ಹಂಚಿದ ಷೇರುಗಳೇ ಹೆಚ್ಚಾದರೆ ಅದು ಋಣಸಂಖ್ಯೆಯಾಗುತ್ತದೆ. ಷೇರು ಮಾರದೆ ಉಳಿದವನ ಪಾಲು ಎಷ್ಟು ಹಿಗ್ಗಿತು ಎಂಬುದನ್ನು ಈ ಅನುಪಾತ ಸರಿಯಾಗಿಯೇ ಹೇಳುತ್ತದೆ. ಆದರೆ ಅದಕ್ಕಾಗಿ ಎಷ್ಟು ಬೆಲೆ ತೆರಲಾಯಿತು ಎಂಬುದನ್ನು ಹೇಳುವುದೇ ಇಲ್ಲ, ಮತ್ತು ಕಂಪನಿಯನ್ನು ಅಳೆಯಹೊರಟವನಿಗೆ ಮುಖ್ಯವಾಗಿ ಬೇಕಾದದ್ದು ಅದೇ.

ಬೆಂಗಳೂರಿನ ಇನ್ಫೋಸಿಸ್ ಇದಕ್ಕೆ ಒಳ್ಳೆಯ ನಿದರ್ಶನ. 2017ರ ತನ್ನ ಮೊದಲ ಮರುಖರೀದಿಯಲ್ಲಿ ಅದು 13,000 ಕೋಟಿ ರೂಪಾಯಿ ವ್ಯಯಿಸಿ, ಷೇರಿಗೆ 1,150 ರೂಪಾಯಿಯಂತೆ ಸುಮಾರು 11.3 ಕೋಟಿ ಷೇರುಗಳನ್ನು ಕೊಂಡು ರದ್ದುಪಡಿಸಿತು. ಆಗ ಇದ್ದ ಸುಮಾರು 230 ಕೋಟಿ ಷೇರುಗಳಲ್ಲಿ ಇದು ಶೇ. 4.9ರಷ್ಟು. ಮರುವರ್ಷ ಪ್ರತಿ ಷೇರಿಗೆ ಒಂದರಂತೆ ಬೋನಸ್ ನೀಡಿದ್ದರಿಂದ ಷೇರುಗಳ ಸಂಖ್ಯೆ ಇಮ್ಮಡಿಯಾಯಿತು. ಇದನ್ನು ಹೊಂದಿಸಿಕೊಳ್ಳದೆ ಲೆಕ್ಕ ಹಾಕಿದರೆ ಅನುಪಾತ ಪಾತಾಳಕ್ಕಿಳಿದಂತೆ ಕಾಣುತ್ತದೆ, ಆದರೆ ಬೋನಸ್ಸಿನಿಂದ ಯಾವ ಷೇರುದಾರನ ಪಾಲೂ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಹೊಂದಿಸಿದ ಲೆಕ್ಕದಲ್ಲಿ, 2019, 2021, 2022–23 ಮತ್ತು 2025ರ ಮರುಖರೀದಿಗಳೂ ಸೇರಿ, ಎಂಟು ವರ್ಷಗಳಲ್ಲಿ ಷೇರುಗಳು ಸುಮಾರು ಶೇ. 12ರಷ್ಟು ಕಡಿಮೆಯಾದವು, ವರ್ಷಕ್ಕೆ ಸರಿಸುಮಾರು ಶೇ. 1.5. ಈ ಒಂದೇ ಸರಾಸರಿಯೊಳಗೆ ಎರಡು ಬಹಳ ಬೇರೆಯಾದ ವ್ಯವಹಾರಗಳು ಅಡಗಿವೆ. 2017ರ ಬೆಲೆ ಬೋನಸ್ಸಿಗೆ ಹೊಂದಿಸಿದರೆ 575 ರೂಪಾಯಿ. 2025ರಲ್ಲಿ ಷೇರಿಗೆ 1,800 ರೂಪಾಯಿಯಂತೆ 18,000 ಕೋಟಿ ರೂಪಾಯಿ ತೆತ್ತು ಕೊಂಡದ್ದು 10 ಕೋಟಿ ಷೇರು, ಅಂದರೆ ಶೇ. 2.4 ಮಾತ್ರ. ಐದು ಸಾವಿರ ಕೋಟಿ ಹೆಚ್ಚು ಖರ್ಚಾಯಿತು, ದಕ್ಕಿದ್ದು ಅರ್ಧ. ಈ ನಡುವೆ ಕಂಪನಿಯ ಲಾಭವೂ ಬೆಳೆದಿತ್ತು ಎಂಬುದು ನಿಜ. ಆದರೂ ಹಿಂದಿನ ವರ್ಷದ ಷೇರು ಗಳಿಕೆಗೆ, ಅಂದರೆ ಒಂದೊಂದು ಷೇರಿನ ಪಾಲಿಗೆ ಬರುವ ನಿವ್ವಳ ಲಾಭಕ್ಕೆ, ಹೋಲಿಸಿದರೆ ಮೊದಲ ಸಲ ಕೊಟ್ಟದ್ದು ಸುಮಾರು 18 ಪಟ್ಟು, ಕೊನೆಯ ಸಲ ಸುಮಾರು 28 ಪಟ್ಟು. ಕೊನೆಯ ಸಲ ಪ್ರವರ್ತಕರು ತಮ್ಮ ಷೇರುಗಳನ್ನು ಮಾರಲಿಲ್ಲ ಎಂಬ ಸಂಗತಿಗೂ ಅನುಪಾತದಲ್ಲಿ ಜಾಗವಿಲ್ಲ.

ಷೇರು ಕಡಿಮೆಯಾದರೆ ಷೇರು ಗಳಿಕೆ ಏರುತ್ತದೆ, ಆದ್ದರಿಂದ ಮರುಖರೀದಿ ಯಾವಾಗಲೂ ಲಾಭವೇ ಎನ್ನುವವರು ಭಾಗಾಕಾರವನ್ನು ಸಂಪಾದನೆಯೆಂದು ಭ್ರಮಿಸಿದ್ದಾರೆ. ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಹೂಡಲು ಜಾಗವಿಲ್ಲದ ಹಣ ಕಂಪನಿಯ ಕೈಯಲ್ಲಿ ಉಳಿದರೆ ಆಡಳಿತಗಾರರು ಪ್ರತಿಷ್ಠೆಗಾಗಿ ಸಂಬಂಧವಿಲ್ಲದ ಉದ್ಯಮಗಳನ್ನು ಕೊಳ್ಳತೊಡಗುತ್ತಾರೆ. ತುಸು ದುಬಾರಿಯಾದರೂ ಮರುಖರೀದಿ ಆ ಹಣವನ್ನು ಅದರ ಒಡೆಯರಿಗೆ ಮುಟ್ಟಿಸುತ್ತದೆ, ಹಲವು ವರ್ಷಗಳ ಸ್ಥಿರ ಅನುಪಾತ ಆ ಶಿಸ್ತಿನ ಗುರುತು ಎಂಬುದು ಆ ವಾದ. ಇದರಲ್ಲಿ ಸತ್ಯವಿದೆ. ಆದರೆ ಲಾಭಾಂಶವೂ ಅದೇ ಶಿಸ್ತನ್ನು ಪಾಲಿಸುತ್ತದೆ, ಅದೂ ಎಲ್ಲ ಷೇರುದಾರರಿಗೆ ಸಮನಾಗಿ. ದುಬಾರಿ ಮರುಖರೀದಿಯಾದರೋ ಉಳಿದವರ ಹಣವನ್ನು ಮಾರಿ ಹೋಗುವವರ ಕೈಗೆ ದಾಟಿಸುತ್ತದೆ.

ಸ್ಥಿರತೆಯೇ ಗುಣವೆಂಬ ಮಾತಿಗೆ ಅಮೆರಿಕದ ಟೆಲಿಡೈನ್ ಕಂಪನಿಯ ಹೆನ್ರಿ ಸಿಂಗಲ್ಟನ್ ದೊಡ್ಡ ಅಪವಾದ. 1960ರ ದಶಕದಲ್ಲಿ ಪೇಟೆ ಟೆಲಿಡೈನ್ ಷೇರಿಗೆ ವಿಪರೀತ ಬೆಲೆ ಕಟ್ಟಿದ್ದಾಗ ಅವರು ಹೊಸ ಷೇರುಗಳನ್ನೇ ಹಣದಂತೆ ಬಳಸಿ ನೂರಕ್ಕೂ ಹೆಚ್ಚು ಕಂಪನಿಗಳನ್ನು ಕೊಂಡರು. ಬೆಲೆ ಕುಸಿದ ಮೇಲೆ, 1972ರಿಂದ 1984ರವರೆಗೆ, ಸುಮಾರು ಶೇ. 90ರಷ್ಟು ಷೇರುಗಳನ್ನು ಮರಳಿ ಕೊಂಡರು. ಮೊದಲ ಅವಧಿಯ ಅನುಪಾತ ಋಣ, ಎರಡನೆಯದರದು ಧನ, ಎರಡರ ಹಿಂದಿದ್ದ ವಿವೇಕ ಒಂದೇ. ಸಾಲ ಕೊಡುವುದನ್ನು ಹೆಚ್ಚಿಸಲು ಹೊಸ ಬಂಡವಾಳ ಎತ್ತಲೇಬೇಕಾದ ಬ್ಯಾಂಕುಗಳನ್ನು ಋಣಸಂಖ್ಯೆಯ ಕಾರಣಕ್ಕೆ ತಳ್ಳಿಹಾಕುವವರು ಗಮನಿಸಬೇಕಾದ ಉದಾಹರಣೆ ಇದು.

ಭಾರತದಲ್ಲಿ 1998ರವರೆಗೆ ಕಾನೂನು ಮರುಖರೀದಿಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಈಗಲೂ ಒಂದು ಸಲಕ್ಕೆ ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲು ನಿಧಿಗಳ ಮೊತ್ತದ ಶೇ. 25ನ್ನು ಮೀರುವಂತಿಲ್ಲ. ಅಂಥ ಮಿತಿಯಿಲ್ಲದ ಅಮೆರಿಕದಲ್ಲಿ ಬೋಯಿಂಗ್ 2013ರಿಂದ 2019ರವರೆಗೆ 4,300 ಕೋಟಿ ಡಾಲರಿಗೂ ಹೆಚ್ಚು ವ್ಯಯಿಸಿ ತನ್ನ ಷೇರುಗಳನ್ನು ಸುಮಾರು ಕಾಲುಭಾಗದಷ್ಟು ತಗ್ಗಿಸಿತು. ಅನುಪಾತದ ಪಟ್ಟಿಯಲ್ಲಿ ಆಗ ಅದು ಇನ್ಫೋಸಿಸ್‌ಗಿಂತ ಎಷ್ಟೋ ಮೇಲೆ ನಿಲ್ಲುತ್ತಿತ್ತು. 2018ರಲ್ಲಿ ಅದು ಷೇರಿಗೆ ಸರಾಸರಿ 300 ಡಾಲರಿಗೂ ಹೆಚ್ಚು ತೆತ್ತಿತ್ತು. ಎರಡು ವಿಮಾನ ದುರಂತಗಳು, ಸಾಂಕ್ರಾಮಿಕದ ಕಾಲದ ಭಾರಿ ಸಾಲ, ಮುಷ್ಕರ ಎಲ್ಲ ಸೇರಿ ಬೊಕ್ಕಸ ಬರಿದಾದಾಗ, 2024ರ ಅಕ್ಟೋಬರಿನಲ್ಲಿ, 11 ಕೋಟಿಗೂ ಹೆಚ್ಚು ಹೊಸ ಷೇರುಗಳನ್ನು ತಲಾ 143 ಡಾಲರಿಗೆ ಮಾರಿತು.