ಇನ್ನೂ ಮೂರು ಬಾಗಿಲು ಇದೆಯಲ್ಲ!

ಕಾರಿನ ಎ.ಸಿ. ಕೆಟ್ಟರೆ ಅದೇ ದಿನ ಗ್ಯಾರೇಜಿಗೆ ಓಡ್ತೀವಿ. ಹಿಂದಿನ ಬಾಗಿಲಿನ ಪವರ್ ಲಾಕ್ ಕೆಟ್ಟರೆ ಮಾತ್ರ "ಇನ್ನೂ ಮೂರು ಬಾಗಿಲು ಇದೆಯಲ್ಲ, ಆ ಕಡೆಯಿಂದ ಹತ್ತಿ" ಅಂತ ತಿಂಗಳುಗಟ್ಟಲೆ ತಳ್ತೀವಿ. ನಮ್ಮ ಕಾರಿಗೂ ಹೀಗಾದಾಗ ಮೆಕ್ಯಾನಿಕ್ "ಅರ್ಜೆಂಟೇನಿಲ್ಲ ಸಾರ್" ಅಂದ. ನಾನಂತೂ ಈ ಮಾತು ಒಪ್ಪೋದಿಲ್ಲ.

ಬಾಗಿಲೊಳಗೆ ಇರೋದು ಒಂದು ಪುಟ್ಟ ಮೋಟಾರು, ಒಂದಷ್ಟು ಪ್ಲಾಸ್ಟಿಕ್ ಹಲ್ಲುಚಕ್ರ. ಮಳೆನೀರು, ಧೂಳು, ಸವೆತ... ಒಂದು ದಿನ 'ಟಕ್' ಅನ್ನೋ ಬದಲು 'ಟರ್ರ್' ಅನ್ನುತ್ತೆ. ಇಲ್ಲವೇ ಬಾಗಿಲ ಸಂದಿನ ರಬ್ಬರ್ ಕೊಳವೆಯಲ್ಲಿ ಹಾದುಹೋಗುವ ವೈರು ಮಡಚಿ ಮಡಚಿ ತುಂಡಾಗುತ್ತೆ. ನಾಲ್ಕೂ ಬಾಗಿಲು ಒಟ್ಟಿಗೆ ಕೈಕೊಟ್ಟರೆ ಫ್ಯೂಸೋ ಬ್ಯಾಟರಿಯೋ ನೋಡಬೇಕು. ಒಂದೇ ಬಾಗಿಲಾದರೆ ಹೆಚ್ಚಾಗಿ ಮೇಲಿನ ಎರಡರಲ್ಲೊಂದು.

ಈಗ ಇದಕ್ಕೆ ಚೈಲ್ಡ್ ಲಾಕ್ ಸೇರಿಸಿ ನೋಡಿ. ಅದನ್ನು ಹಾಕಿದರೆ ಒಳಗಿನ ಹಿಡಿ ಕೆಲಸ ಮಾಡೋಲ್ಲ. ಪವರ್ ಲಾಕ್ ಮುಚ್ಚಿದಲ್ಲೇ ಸಿಕ್ಕಿಕೊಂಡರೆ ಹೊರಗಿನ ಹಿಡಿಯೂ ದಂಡ. ಹಿಂದಿನ ಬಾಗಿಲಿಗೆ ಸಾಮಾನ್ಯವಾಗಿ ಕೀಲಿ ಹಾಕುವ ತೂತೂ ಇರೋಲ್ಲ. ಆಮೇಲೆ ಅದು ಬಾಗಿಲಲ್ಲ ಮಾರಾಯ್ರೇ, ಗೋಡೆ! ಅದರ ಪಕ್ಕ ಕೂರೋದು ಮನೆಯ ಮಕ್ಕಳು.

2017ರ ಜೂನ್‌ನಲ್ಲಿ ಗುರುಗ್ರಾಮದ ಹತ್ತಿರ 5 ವರ್ಷದ ಅವಳಿ ಹೆಣ್ಣುಮಕ್ಕಳು, 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯಲ್ಲಿ 4 ಮಕ್ಕಳು ನಿಂತ ಕಾರಿನೊಳಗೆ ಸಿಕ್ಕಿಕೊಂಡು ತೀರಿಕೊಂಡರು. ಅಲ್ಲಿ ಲಾಕ್ ಕೆಟ್ಟಿತ್ತು ಅಂತ ನಾನು ಹೇಳ್ತಿಲ್ಲ. ಬಿಸಿಲಲ್ಲಿ ನಿಂತ ಕಾರು ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುತ್ತೆ, ಆಗ ತೆರೆಯುವ ಪ್ರತಿ ಬಾಗಿಲೂ ಬೇಕು ಅಂತಷ್ಟೇ ನನ್ನ ವಾದ.

2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ, ವಿದ್ಯುತ್ ಕೈಕೊಟ್ಟರೂ ಸೆಂಟ್ರಲ್ ಲಾಕ್ ಅನ್ನು ಕೈಯಿಂದಲೇ ತೆರೆಯುವ ವ್ಯವಸ್ಥೆ ಕಡ್ಡಾಯ. ಒಳ್ಳೆಯದೇ. ಆದರೆ ಅದು ಎಲ್ಲಿದೆ, ಹೇಗೆ ಎಳೆಯಬೇಕು ಅಂತ ಮನೆಯಲ್ಲಿ ಎಷ್ಟು ಜನರಿಗೆ ಗೊತ್ತು? ಹಳೇ ಕಾರಿನವರ ಕಥೆ ಏನು?

ಚೈಲ್ಡ್ ಲಾಕೇ ಬೇಡ ಅಂತಲ್ಲ, ಓಡುವ ಕಾರಿನಲ್ಲಿ ಅದು ಬೇಕೇ ಬೇಕು. ಆದರೆ ಲಾಕ್ ತಡವರಿಸೋಕೆ ಶುರುವಾದ ದಿನವೇ, ಬಾಗಿಲು ಇನ್ನೂ ತೆರೆಯುತ್ತಿರುವಾಗಲೇ, ಆ ಕಡೆಯ ಚೈಲ್ಡ್ ಲಾಕ್ ತೆಗೆದು, ಮಗುವನ್ನು ಇನ್ನೊಂದು ಕಡೆ ಕೂರಿಸಿ, ರಿಪೇರಿಗೆ ಬಿಡಿ.

ಈ ಭಾನುವಾರ ಕಾರು ತೊಳೆಯುವಾಗ ನಾಲ್ಕೂ ಬಾಗಿಲನ್ನು ಒಳಗಿಂದ ಒಮ್ಮೆ, ಹೊರಗಿಂದ ಒಮ್ಮೆ ತೆಗೆದು ನೋಡಿ. ಬ್ರೇಕ್ ಕೆಟ್ಟರೆ "ಅರ್ಜೆಂಟಿಲ್ಲ" ಅಂತ ಯಾರೂ ಹೇಳೋಲ್ಲ. ಬಾಗಿಲಿಗೆ ಮಾತ್ರ ಯಾಕೆ ಈ ತಾತ್ಸಾರ? ನೀವೇನಂತೀರಿ?